ಬನಹಟ್ಟಿಯ ಅರ್ಧ ಚೀಟಿ

ಸಿನಿಮಾ ಹೇಗಿದೆ ಎಂದು ಟಾಕೀಸಿನ ಬಾಗಿಲಲ್ಲಿ ನಿಂತು ಯಾರನ್ನೂ ಕೇಳಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಹೇಳುವ ಮೊದಲ ಮಾತು ಇದು. ಕೇಳಿದರೆ ನಮ್ಮ ಕಡೆಯ ಮಂದಿ "ಛಲೋ ಐತ್ರಿ" ಎನ್ನುತ್ತಾರೆ. ಮನೆಗೆ ಬಂದವರಿಗೆ ಚಹಾ ಕೊಟ್ಟ ಹಾಗೆ ಕೊಡುವ ಮಾತು ಅದು. ಅದನ್ನು ನಂಬಿ ಹುಬ್ಬಳ್ಳಿಗೆ ಫೋನು ಮಾಡಿದಿರೋ, ಕೆಟ್ಟಿರಿ.

ಹುಬ್ಬಳ್ಳಿಯ ಒಂದು ಸಿನಿಮಾ ಹಂಚಿಕೆ ಆಫೀಸಿಗೆ ನಾನು ರೆಪ್ರೆಸೆಂಟೇಟಿವ್ ಆಗಿದ್ದೆ. ಜಮಖಂಡಿಯಲ್ಲಿ ಮನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನನ್ನ ಸುತ್ತು. ಶುಕ್ರವಾರ ಸಿನಿಮಾ ಬಿಡುಗಡೆಯಾದರೆ ಅವತ್ತಿನಿಂದ ಈ ಊರುಗಳನ್ನು ಅಲೆದು, ನೋಡಿದವರು ಏನೆಂದರು ಎಂಬುದನ್ನು ಆಫೀಸಿಗೆ ಮುಟ್ಟಿಸಬೇಕು. ಮುಂದಿನ ಶುಕ್ರವಾರ ಆ ಸಿನಿಮಾ ಇರಬೇಕೋ ಗಂಟು ಕಟ್ಟಬೇಕೋ ಎಂಬುದು ಅದರ ಮೇಲೆ ನಿರ್ಧಾರವಾಗುತ್ತಿತ್ತು. ನನ್ನ ಹೆಂಡತಿಯನ್ನು ಯಾರಾದರೂ "ನಿಮ್ಮ ಯಜಮಾನ್ರು ಏನ್ ಮಾಡ್ತಾರ್ರಿ" ಎಂದು ಕೇಳಿದರೆ ಅವಳ ಉತ್ತರ ಒಂದೇ: "ಮಂದಿ ಮಾತ ಕದ್ದ ಕೇಳ್ತಾರ್ರಿ. ಅದಕ್ಕ ಪಗಾರ ಕೊಡ್ತಾರ."

ಅವಳು ಹೇಳಿದ್ದು ಖರೆ. ಸಿನಿಮಾ ಬಿಟ್ಟ ಮೇಲೆ ನಾನು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದೆ. ಗಾಡಿಗೆ ಕಿಕ್ ಹೊಡೆಯುತ್ತ ಗೆಳೆಯನಿಗೆ ಹೇಳುವ ಮಾತಿನಲ್ಲಿ ಕಲಬೆರಕೆ ಇರುವುದಿಲ್ಲ. ಅಲ್ಲಿಂದ ಪಾನ್ ಅಂಗಡಿ, ಪಾನ್ ಅಂಗಡಿಯಿಂದ ಚಹಾದ ಗಾಡಿ. ಹೆಣ್ಣುಮಕ್ಕಳ ಮಾತು ಕೇಳುವುದು ಕಷ್ಟ. ಅವರು ಟಾಕೀಸಿನ ಹತ್ತಿರ ಮಾತೇ ಆಡುವುದಿಲ್ಲ, ಟಂಟಂ ಆಟೋ ಹತ್ತಿ ಕೂತ ಮೇಲೆ ಶುರು. ಒಮ್ಮೆ ಜಮಖಂಡಿಯಲ್ಲಿ ಮ್ಯಾಟನಿ ಮುಗಿಸಿದ ಇಬ್ಬರು ಅಕ್ಕತಂಗಿಯರ ಹಿಂದೆ ನಾನೂ ಟಂಟಂ ಹತ್ತಿದೆ. ದೊಡ್ಡಾಕೆ ಕತೆ ಎಲ್ಲಿ ಕೆಟ್ಟಿತು ಎಂದು ಬಲು ಚೆಂದವಾಗಿ ಬಿಡಿಸಿ ಹೇಳುತ್ತಿದ್ದಳು. ಇಳಿಯಬೇಕಾದಲ್ಲಿ ಇಳಿಯಲು ನನಗೆ ಮನಸ್ಸಾಗಲಿಲ್ಲ. ಗಲಗಲಿ ಬಂತು. ಮುಖ್ಯ ಮಾತು ಬಾಯಿಗೆ ಬರುವ ಹೊತ್ತಿಗೆ ಆಕೆ "ಉಳದದ್ದ ಮನಿಗಿ ಹೋಗಿ ಹೇಳ್ತೇನಿ ತಗಿ, ಇಳಿ" ಎಂದು ತಂಗಿಯನ್ನು ಎಬ್ಬಿಸಿಕೊಂಡು ಹೋದಳು. ಹೊಳೆ ದಂಡೆಯ ಊರಲ್ಲಿ ನಾನೊಬ್ಬನೇ ಪೆಚ್ಚಾಗಿ ನಿಂತೆ. ವಾಪಸು ಟಂಟಂ ಇಲ್ಲ. ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು, ಹೇಗೂ ಮರುದಿನ ಬೀಳಗಿಗೆ ಹೋಗಬೇಕಲ್ಲ ಎಂದು ಅದನ್ನೇ ಹತ್ತಿದೆ. ಡ್ರೈವರನೂ ಆ ಸಿನಿಮಾ ನೋಡಿದ್ದ. ಅವನಿಗೆ ಹಾಡು ಬಿಟ್ಟು ಬೇರೇನೂ ನೆನಪಿರಲಿಲ್ಲ.

ರೀಲಿನ ಕಾಲವಂತೂ ಬೇರೆಯೇ. ಬಸ್ಸಿನ ಟಾಪಿನ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ಸಿನಿಮಾ ಬರುತ್ತಿತ್ತು. ಬೀಳಗಿಯಲ್ಲಿ ಒಮ್ಮೆ ಆಪರೇಟರ್ ಅವಸರದಲ್ಲಿ ಮೊದಲು ಬರಬೇಕಾದ ರೀಲನ್ನು ಕೊನೆಗೆ ಓಡಿಸಿಬಿಟ್ಟ. ಸತ್ತ ನಾಯಕಿ ಎದ್ದು ಬಂದು ಮಳೆಯಲ್ಲಿ ಕುಣಿದಳು. ಇನ್ನು ಕಲ್ಲು ಬೀಳುತ್ತವೆ ಎಂದು ನಾನು ಹಿತ್ತಲ ಬಾಗಿಲಿಗೆ ಹೋಗಿ ನಿಂತೆ. ಹೊರಗೆ ಬಂದ ಒಬ್ಬ ಹಿರಿಯರು ಇನ್ನೊಬ್ಬರಿಗೆ, "ಸತ್ತಾಕಿ ತಿರುಗಿ ಬಂದಿದ್ದು ಮನಸಿಗಿ ಭಾಳ ಹತ್ತಿತು ನೋಡ್ರಿ" ಎಂದರು. ಆಪರೇಟರ್ ಮರುದಿನವೂ ಹಾಗೇ ಓಡಿಸಲೇ ಎಂದು ನನ್ನನ್ನು ಕೇಳಿದ.

ಮೇಲಿನವರ ಬಗ್ಗೆ ಎರಡು ಮಾತು ಹೇಳಬೇಕು. ನನ್ನ ಮೊದಲಿನ ಸಾವಕಾರರು, ಅಂದರೆ ಆಫೀಸಿನ ಮಾಲೀಕರು, ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹೆಣ್ಣಮಕ್ಕಳ ಏನಂದ್ರು?" ಉಳಿದದ್ದು ಅವರಿಗೆ ಬೇಡ. ಅವರು ತೀರಿಕೊಂಡ ಮೇಲೆ ಮಗ ಕುರ್ಚಿಗೆ ಬಂದರು. ಸಣ್ಣ ಸಾವಕಾರರು ಕೆಟ್ಟವರಲ್ಲ, ಅವರಿಗೆ ಎಲ್ಲವೂ ಮೊಬೈಲಿನಲ್ಲಿ ಕಾಣಬೇಕು ಅಷ್ಟೆ. ಐದಕ್ಕೆ ಎಷ್ಟು ಸ್ಟಾರು ಎಂದು ಮಂದಿಯನ್ನು ಕೇಳಿ ವಾಟ್ಸಾಪಿನಲ್ಲಿ ಹಾಕಿ ಎಂದು ಅಪ್ಪಣೆ ಮಾಡಿದರು. ಮುಧೋಳದಲ್ಲಿ ಒಬ್ಬ ರೈತನನ್ನು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿ, "ಐದ್ಯಾಕ್ರಿ ಕಾಕಾ, ಹತ್ತ ಬರಕೋರಿ. ನಮ್ಮ ಗಂಟೇನ ಹೋಗ್ತೈತಿ" ಎಂದ.

ಈಗ ಅಳಿಯನ ಸಿನಿಮಾಕ್ಕೆ ಬರುತ್ತೇನೆ. ಅದಕ್ಕೆ ಬೇರೆ ಹೆಸರಿತ್ತು, ಆದರೆ ನಮ್ಮ ಕಡೆ ಸಿನಿಮಾವನ್ನು ಅದರ ಹೆಸರಿನಿಂದ ಕರೆಯುವ ಪದ್ಧತಿ ಇಲ್ಲ. ಎಲ್ಲರ ಬಾಯಲ್ಲೂ ಅದು "ಅಳಿಯಾನ ಪಿಕ್ಚರ್". ದೊಡ್ಡ ನಟರು ಯಾರೂ ಇರಲಿಲ್ಲ. ಕತೆ ಇಷ್ಟು: ಕಿರಾಣಿ ಅಂಗಡಿಯ ಒಂದು ಕುಟುಂಬ. ಮಗಳನ್ನು ಕೊಟ್ಟ ಮನೆಯ ಬೀಗ ಮಹಾ ಜಿಪುಣ, ಸೊಸೆಯನ್ನು ತವರಿಗೂ ಕಳಿಸುವುದಿಲ್ಲ. ಅವನಿಗೆ ಬುದ್ಧಿ ಕಲಿಸಲು ಅಪ್ಪ, ಅವ್ವ, ಅಜ್ಜಿ ಮೂವರೂ ಸೇರಿ ತಮ್ಮ ಅಳಿಯನನ್ನೇ ಅಪಹರಿಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಕೂಡಿಸುತ್ತಾರೆ. ಅಳಿಯ ಮೊದಲ ತುತ್ತಿಗೇ ಇದು ಅತ್ತೆಯ ಕೈಯಡುಗೆ ಎಂದು ಗುರುತು ಹಿಡಿಯುತ್ತಾನೆ, ಆದರೆ ಬಾಯಿ ಬಿಡುವುದಿಲ್ಲ. ಸ್ವಂತ ಮನೆಯಲ್ಲಿ ಅವನಿಗೆ ಅಂಥ ಊಟ ಸಿಕ್ಕಿರುವುದಿಲ್ಲ. ಇಂಟರ್ವಲ್ಲಿನ ಹೊತ್ತಿಗೆ ಇನ್ಸ್‌ಪೆಕ್ಟರ್ ಅಂಗಡಿಗೆ ಬಂದು, ನಿಮ್ಮ ಅಳಿಯ ಎಲ್ಲಿ ಎಂದು ಕೇಳುತ್ತಾನೆ. ಅಪ್ಪ ಅವ್ವ ಬೆವರುತ್ತಿರುವಾಗ ಅಜ್ಜಿ ತಣ್ಣಗೆ, "ಅಟ್ಟದ ಮೇಲಿದ್ದಾನೆ, ಊಟ ಮಾಡ್ತಿದ್ದಾನೆ, ಕರೀಲಾ?" ಎನ್ನುತ್ತಾಳೆ. ಪರದೆ ಮೇಲೆ ಇಂಟರ್ವಲ್ ಎಂದು ಬೀಳುತ್ತದೆ.

ಜಮಖಂಡಿಯಲ್ಲಿ ಕೋರ್ಟಿನ ಮಂದಿ ಹೆಚ್ಚು. ಚಹಾದ ಗಾಡಿಯ ಹತ್ತಿರ ಕರಿ ಕೋಟಿನ ಇಬ್ಬರು ಈ ಅಪಹರಣಕ್ಕೆ ಯಾವ ಕಲಮು ಹತ್ತುತ್ತದೆ ಎಂದು ಜಗಳಕ್ಕೆ ಬಿದ್ದಿದ್ದರು. ಅಳಿಯ ಒಪ್ಪಿಕೊಂಡು ಉಂಡಿದ್ದಾನೆ, ಹಾಗಾಗಿ ಅಪರಾಧವೇ ಅಲ್ಲ ಎಂದು ಒಬ್ಬರ ವಾದ. ನಕ್ಕಿರಾ ಎಂದು ಕೇಳಿದರೆ, ಅದು ಈಗ ಪ್ರಶ್ನೆ ಅಲ್ಲ ಎಂದರು. ಮುಧೋಳದ ತಕರಾರು ಇನ್ನೊಂದು. ಅಟ್ಟದ ಮೇಲೆ ಅಳಿಯನಿಗೆ ಹೋಳಿಗೆ ಬಡಿಸುವಾಗ ತುಪ್ಪ ಹಾಕಿರಲಿಲ್ಲ. "ಕಟ್ಟಿ ಹಾಕ್ಲಿ, ಹೊಡೀಲಿ, ಅದ ಅವರವರ ಮನಿ ವಿಚಾರ. ಅಳಿಯಾಗ ತುಪ್ಪಿಲ್ದ ಹೋಳಿಗಿ ಹಾಕೂದಂದ್ರ ಏನ್ರಿ?" ಎಂದು ಒಬ್ಬಾಕೆ ಬಸ್ ಸ್ಟ್ಯಾಂಡಿನವರೆಗೂ ಸಿಟ್ಟಿನಲ್ಲಿದ್ದಳು. ಬೀಳಗಿಯ ಒಬ್ಬ ಅಜ್ಜ ಮಾತ್ರ ಸಮಾಧಾನಿ: "ಅಳಿಯಾನ ಕಟ್ಟಾಕ ಹಗ್ಗ ಯಾಕ ಬೇಕ್ರಿ. ಎರಡ ಹೊತ್ತ ಉಣಾಕ ಹಾಕಿದ್ರ ತಾನಾಗೇ ಕುಂದರ್ತಾನ." ಮೂರು ಊರಲ್ಲೂ ಮಂದಿ ಸಿನಿಮಾವನ್ನು ಬೈಯುತ್ತ ಮತ್ತೊಬ್ಬರನ್ನು ನೋಡಲು ಕಳಿಸುತ್ತಿದ್ದರು. ಇದಕ್ಕಿಂತ ಒಳ್ಳೆಯ ಲಕ್ಷಣ ಇಲ್ಲ.

ಬನಹಟ್ಟಿಯ ಲೆಕ್ಕ ಬೇರೆ. ಅಲ್ಲಿಯ ಟಾಕೀಸನ್ನು ಗಂಡ ತೀರಿಕೊಂಡ ಮೇಲೆ ಶಾಂತಕ್ಕ ನಡೆಸುತ್ತಿದ್ದರು. ಜಾಗದಲ್ಲಿ ಅರ್ಧ ಪಾಲು ಅವರ ಮೈದುನ ಮಲ್ಲಪ್ಪನದು. ಮಲ್ಲಪ್ಪನಿಗೆ ವಿದ್ಯುತ್ ಮಗ್ಗಗಳ ಕಾರಖಾನೆ ಇತ್ತು, ನೂಲಿನ ಗಂಟು ಇಡಲು ಗೋದಾಮು ಬೇಕಿತ್ತು, ಆ ಟಾಕೀಸಿನ ಮೇಲೆ ಬಹಳ ದಿನದಿಂದ ಕಣ್ಣು. ಆ ಬೇಸಿಗೆಯಲ್ಲಿ ಇಬ್ಬರೂ ನನ್ನೆದುರೇ ಒಂದು ಮಾತಿಗೆ ಬಂದಿದ್ದರು. "ಬಸವ ಜಯಂತಿ ಒಳಗ ಒಂದ ಪಿಕ್ಚರ್ ಎರಡ ವಾರ ಓಡಿದ್ರ ಸಾಕು ವೈನಿ, ನಾ ಮತ್ತ ಬಾಯಿ ತಗಿಯಂಗಿಲ್ಲ. ಓಡ್ಲಿಲ್ಲಂದ್ರ ಕುರ್ಚಿ ಕೀಳೂದ" ಎಂದ ಮಲ್ಲಪ್ಪ. ಶಾಂತಕ್ಕ ಹೂಂ ಎಂದರು. ಅದಾದ ಮೇಲೆ ಬಂದ ಸಿನಿಮಾ ಎಲ್ಲವೂ ಒಂದೊಂದೇ ವಾರಕ್ಕೆ ಎತ್ತಂಗಡಿಯಾದವು. ಬಸವ ಜಯಂತಿಗೆ ಮುಂಚಿನ ಕೊನೆಯ ಸಿನಿಮಾ ಈ ಅಳಿಯನದು.

ಶಾಂತಕ್ಕನ ಮನೆ ಟಾಕೀಸಿನ ಹಿಂದೆಯೇ, ಅಡುಗೆಮನೆಗೂ ಪರದೆಗೂ ನಡುವೆ ಒಂದೇ ಗೋಡೆ. "ಅಣ್ಣಾರ, ಇಷ್ಟ ವರ್ಷ ಗ್ವಾಡಿ ಆಚೀಕ ಮಂದಿ ನಗೂದ ಕೇಳ್ಕೋತ ರೊಟ್ಟಿ ಬಡದೇನ್ರಿ" ಎಂದರು ಒಮ್ಮೆ. "ಅಲ್ಲಿ ನೂಲಿನ ಗಂಟ ಇಟ್ರ ನಾ ಏನ್ ಕೇಳ್ಕೋತ ಕುಂದರ್ಲಿ?" ಈ ಸಿನಿಮಾ ಹೇಗಾದರೂ ಎರಡನೇ ವಾರಕ್ಕೆ ನಿಲ್ಲಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಬನಹಟ್ಟಿಯವರು ಸಿನಿಮಾ ನೋಡುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಲೈಟು ಹೋಗುತ್ತದೆ, ಮಗ್ಗ ನಿಲ್ಲುತ್ತವೆ. ಟಾಕೀಸಿನಲ್ಲಿ ಜನರೇಟರು ಉಂಟು. ಹಾಗಾಗಿ ನೇಕಾರರು ಮ್ಯಾಟನಿಗೆ ಬಂದು ಕೂಡುತ್ತಾರೆ. ಲೈಟು ಬಂತೋ, ಸಿನಿಮಾ ಎಲ್ಲೇ ಇರಲಿ, ಎದ್ದು ಮಗ್ಗಕ್ಕೆ ಹೋಗುತ್ತಾರೆ. ನೇಯ್ದಷ್ಟು ಕೂಲಿ, ಕೂತರೆ ಇಲ್ಲ. ಹೀಗೆ ಎದ್ದವರಿಗಾಗಿ ಶಾಂತಕ್ಕನ ಯಜಮಾನರು ಒಂದು ಪದ್ಧತಿ ಮಾಡಿದ್ದರು. ಹರಿದು ಉಳಿದ ಅರ್ಧ ಟಿಕೆಟ್ಟನ್ನು ಜೋಪಾನವಾಗಿ ಇಟ್ಟುಕೊಂಡು ಬೇರೆ ದಿನ ಬಂದರೆ, ಇಂಟರ್ವಲ್ ಆದ ಮೇಲೆ ಒಳಗೆ ಬಿಡುತ್ತಾರೆ. ಉಳಿದರ್ಧ ನೋಡಿಕೊಂಡು ಹೋಗಬಹುದು. ಅರ್ಧ ಚೀಟಿ ಎಂದರೆ ಅಲ್ಲಿ ಕೂಸಿಗೂ ಗೊತ್ತು. ಸಾಧಾರಣವಾಗಿ ವಾರದ ರಜೆಯ ದಿನ ಎಲ್ಲರೂ ಬಂದು ತಮ್ಮ ಬಾಕಿ ಮುಗಿಸುತ್ತಿದ್ದರು.

ಆ ವಾರ ಲೈಟು ಗಡಿಯಾರ ನೋಡಿಕೊಂಡ ಹಾಗೆ ಇಂಟರ್ವಲ್ಲಿನ ಹೊತ್ತಿಗೇ ಬರತೊಡಗಿತು. ಅಜ್ಜಿ "ಕರೀಲಾ?" ಎನ್ನುವುದಕ್ಕೂ ಲೈಟು ಬಂತೆಂದು ಮಂದಿಯ ಜೇಬಿನ ಮೊಬೈಲುಗಳು ಬಡಿದುಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ಎಲ್ಲರೂ ಎದ್ದು ಹೊರಟರು. ಮದುವೆ ಸೀರೆಯ ಆರ್ಡರಿನ ಕಾಲ, ರಾತ್ರಿಯೂ ಮಗ್ಗ, ರಜೆಯೂ ರದ್ದು. ಹೀಗೆ ಇಡೀ ಬನಹಟ್ಟಿ ಅರ್ಧ ಚೀಟಿ ಕಿಸೆಯಲ್ಲಿಟ್ಟುಕೊಂಡು, ಇನ್ಸ್‌ಪೆಕ್ಟರ್ ಅಟ್ಟ ಹತ್ತಿದನೋ ಇಲ್ಲವೋ ಎಂಬ ಚಿಂತೆಯಲ್ಲಿ ಮಗ್ಗ ಓಡಿಸತೊಡಗಿತು. ಓಣಿಗೊಂದು ದ್ವಿತೀಯಾರ್ಧ ಹುಟ್ಟಿತು. ಮಲ್ಲಪ್ಪನೂ ಮೊದಲರ್ಧ ನೋಡಿ ಮಗ್ಗಕ್ಕೆ ಓಡಿದವನೇ. ಅಜ್ಜಿಯೂ ಇನ್ಸ್‌ಪೆಕ್ಟರೂ ಮೊದಲೇ ಒಳಗೊಳಗೆ ಮಾತಾಡಿಕೊಂಡಿದ್ದಾರೆ ಎಂದು ಅವನ ವಾದ.

ಆ ಭಾನುವಾರ ಬೆಂಗಳೂರಿನಿಂದ ಪ್ರಚಾರದವನೊಬ್ಬ ಬಂದ. ಕೋಲಿಗೆ ಮೊಬೈಲು ಸಿಕ್ಕಿಸಿಕೊಂಡು ಊರೂರಿನ ಅಭಿಪ್ರಾಯ ಹಿಡಿಯುವುದು ಅವನ ಕೆಲಸ. ನಾನು ಅವತ್ತು ಮುಧೋಳದಲ್ಲಿದ್ದೆ. ಬನಹಟ್ಟಿಯಲ್ಲಿ ಇಂಟರ್ವಲ್ಲಿಗೆ ಟಾಕೀಸು ಖಾಲಿಯಾಗುವುದನ್ನು ಅವನು ನೋಡಿದ. ಬಾಗಿಲಲ್ಲಿ ನಿಂತು ಹೇಗಿದೆ ಎಂದು ಕೇಳಿದ. ಅವಸರದಲ್ಲಿದ್ದ ನೇಕಾರನೊಬ್ಬ, "ಏ ಬಿಡ್ರಿ, ಹೊತ್ತಾತು, ಪಿಕ್ಚರ್ ನೋಡ್ಕೋತ ಕುಂತ್ರ ಹೊಟ್ಟಿ ತುಂಬ್ತೈತೇನು" ಎಂದು ಅವನನ್ನು ಸರಿಸಿ ಹೋದ. ಸಂಜೆಯೊಳಗೆ ಆ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಬನಹಟ್ಟಿಯಲ್ಲಿ ಅರ್ಧಕ್ಕೇ ಎದ್ದು ಹೊರಟ ಪ್ರೇಕ್ಷಕರು ಎಂದು ಅದಕ್ಕೆ ಹೆಸರು ಬೇರೆ.

ಸಣ್ಣ ಸಾವಕಾರರ ಫೋನು ಮಂಗಳವಾರ ಬಂತು. "ಕಾಕಾ, ಶುಕ್ರವಾರದಿಂದ ಬನಹಟ್ಟಿಯೊಳಗ ಬ್ಯಾರೆ ಪಿಕ್ಚರ್ ಹಾಕೂಣು."

"ಸರ್, ಅವ್ರ ಬ್ಯಾಸರಾಗಿ ಎದ್ದಿಲ್ಲರಿ. ಲೈಟ್ ಬಂತು, ಮಗ್ಗಕ್ಕ ಹೋದ್ರು."

"ಸೋಮವಾರದಿಂದ ಟಿಕೇಟ ಯಾಕ ಹೋಗವಲ್ವು?"

"ನೋಡಾವ್ರೆಲ್ಲಾ ಅರ್ಧಾ ನೋಡ್ಯಾರ್ರಿ. ಅರ್ಧ ಚೀಟಿ ಅದಾವ. ಮತ್ತ ಹೊಸಾ ಟಿಕೇಟ ಯಾರ ತಗೀತಾರ?"

"ಕಾಕಾ, ನೀವ ಹೇಳೂದು ಖರೆ ಇರಬಹುದು. ಆದ್ರ ಇದನ್ನ ನಾ ಬೆಂಗಳೂರಾಗ ಯಾರಿಗಿ ಹೇಳ್ಲಿ, ಹೆಂಗ ಹೇಳ್ಲಿ?" ಎಂದು ಫೋನು ಇಟ್ಟರು.

ಬುಧವಾರ ಬನಹಟ್ಟಿಗೆ ಹೋಗಿ ಶಾಂತಕ್ಕನಿಗೆ ಸುದ್ದಿ ಹೇಳಿದೆ. ನನ್ನ ಜೀವನದಲ್ಲಿ ಹೇಳಲು ಇಷ್ಟು ಕಷ್ಟಪಟ್ಟ ಸುದ್ದಿ ಇನ್ನೊಂದಿಲ್ಲ. ಅವರು ಅಳಲಿಲ್ಲ. ಗೇಟಿನವನನ್ನು ಕರೆದು, "ಮೈಕಿನ ಆಟೋದಾಂವಗ ಹೇಳು" ಎಂದರು. "ನಾಳೆ ಕೊನೀ ದಿನ, ಅರ್ಧ ಚೀಟಿ ಇದ್ದಾವ್ರು ಬಂದ ಉಳದ ಅರ್ಧ ನೋಡ್ಕೊಂಡ ಹೋಗ್ರಿ ಅಂತ ಎಲ್ಲಾ ಓಣ್ಯಾಗ ಕೂಗಸು."

"ಯಾಕ್ರಿ ಅಕ್ಕಾರ, ಅವರಿಂದ ಒಂದ ಟಿಕೇಟ ಬರಂಗಿಲ್ಲ. ಆಟೋದ ಬಾಡಗಿ ಮ್ಯಾಲ" ಎಂದೆ.

"ಟಾಕೀಸ್ ಮುಚ್ಚೂದಿದ್ರ ಮುಚ್ಚಲಿ ಅಣ್ಣಾರ. ಮಂದಿಗಿ ಅರ್ಧಾ ಪಿಕ್ಚರ್ ತೋರ್ಸಿ ಮುಚ್ಚಿದ್ಲು ಅನ್ನೂದ ಬ್ಯಾಡ."

ನಮ್ಮ ನಸೀಬು ನೋಡಿ, ಗುರುವಾರ ಲೈಟೇ ಹೋಗಲಿಲ್ಲ. ಹಿಂದಿನ ದಿನ ಮಳೆಯಾಗಿ ತಂಪಾಗಿತ್ತು, ಮಧ್ಯಾಹ್ನವೂ ಕರೆಂಟು ಗಟ್ಟಿಯಾಗಿ ನಿಂತುಬಿಟ್ಟಿತು. ಓಣಿ ಓಣಿಯಲ್ಲಿ ಮಗ್ಗಗಳ ಖಟಖಟ. ಮ್ಯಾಟನಿ ಶುರುವಾದಾಗ ಒಳಗೆ ನಾನು, ಆಪರೇಟರ್, ಮೂಲೆಯಲ್ಲಿ ಮಲಗಿದ್ದ ಒಂದು ನಾಯಿ. ಶಾಂತಕ್ಕ ಟಿಕೆಟ್ ಕಿಟಕಿಯಲ್ಲಿ ಕೈಕಟ್ಟಿ ಕೂತಿದ್ದರು. ನನಗೆ ಆಪರೇಟರಿಗೆ ನಿಲ್ಲಿಸಪ್ಪಾ ಎನ್ನಬೇಕು ಅನಿಸಿತು. ಯಾರೂ ಇಲ್ಲದ ಟಾಕೀಸಿನಲ್ಲಿ ಹಾಸ್ಯ ನೋಡುವಷ್ಟು ದುಃಖದ ಕೆಲಸ ಬೇರೆ ಇಲ್ಲ.

ಅಜ್ಜಿಯ ಮಾತು ಬರುವ ಹೊತ್ತಿಗೆ ತಡೆಯಲಾರದೆ ಹೊರಗೆ ಬಂದೆ. ಏನೋ ವ್ಯತ್ಯಾಸ ಅನಿಸಿತು. ಏನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎದುರಿನ ಓಣಿಯಲ್ಲಿ ಸದ್ದು ನಿಂತಿತ್ತು. ಆಮೇಲೆ ಅದರ ಆಚೆಯದು ನಿಂತಿತು. ಲೈಟು ಹೋಯಿತೇ ಎಂದು ಮೇಲೆ ನೋಡಿದೆ. ಟಿಕೆಟ್ ಕಿಟಕಿಯ ಫ್ಯಾನು ತಿರುಗುತ್ತಲೇ ಇತ್ತು, ಜನರೇಟರಿನ ಸದ್ದೂ ಇರಲಿಲ್ಲ. ಲೈಟು ಇದೆ, ಮಗ್ಗ ನಿಂತಿವೆ. ನನ್ನ ಇಷ್ಟು ವರ್ಷದ ಓಡಾಟದಲ್ಲಿ ಬನಹಟ್ಟಿಯಲ್ಲಿ ಹೀಗೆ ಆದದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಮಂದಿ ಬಂದರು. ತಲೆಯ ಮೇಲೆ ಹತ್ತಿಯ ಎಳೆ, ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಅರ್ಧ ಚೀಟಿ. ಹೆಣ್ಣುಮಕ್ಕಳು, ಮುದುಕರು, ನೂಲಿನ ಕಂಡಿಕೆ ಸುತ್ತುವವರು, ಬಣ್ಣ ಹಾಕುವವರು. "ನಡೀರಿ ನಡೀರಿ, ಆಯಿ ಏನಂದ್ಲೋ ಏನೋ" ಎಂದು ಸಿನಿಮಾದ ಅಜ್ಜಿಯ ಚಿಂತೆಯಲ್ಲೇ ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ಹೋದರು. ಕುರ್ಚಿ ತುಂಬಿದವು, ನಡುವಿನ ಹಾದಿ ತುಂಬಿತು, ನಾಯಿ ಎದ್ದು ಹೊರಗೆ ಬಂತು. ಮಲ್ಲಪ್ಪನೂ ಬಂದ. ಅತ್ತಿಗೆಯ ಮುಖ ನೋಡದೆ ಒಳಗೆ ಹೋಗಿ ಗೋಡೆಗೆ ಆತು ನಿಂತ.

ಅಜ್ಜಿ ಏನು ಮಾಡಿದಳು ಎಂದು ನಾನು ಹೇಳುವುದಿಲ್ಲ, ನೀವೇ ನೋಡಿಕೊಳ್ಳಿ. ಇಷ್ಟು ಹೇಳುತ್ತೇನೆ, ಇನ್ಸ್‌ಪೆಕ್ಟರನೂ ಒಂದು ಮನೆಯ ಅಳಿಯ. ಮಂದಿ ನಕ್ಕ ನಗೆಗೆ ತಗಡಿನ ಚಾವಣಿ ನಡುಗಿತು. ಮಗ್ಗದ ಸದ್ದಿನಲ್ಲಿ ಬದುಕುವವರು, ಅವರಿಗೆ ಮೆತ್ತಗೆ ನಗಲು ಬರುವುದೇ ಇಲ್ಲ. ಶಾಂತಕ್ಕ ಕಿಟಕಿ ಬಿಟ್ಟು ಏಳಲಿಲ್ಲ. ಮುಂದಿದ್ದ ಹೊಸ ಟಿಕೆಟ್ಟಿನ ಕಟ್ಟಿನಲ್ಲಿ ಒಂದೂ ಹರಿದಿರಲಿಲ್ಲ.

ಸಿನಿಮಾ ಬಿಟ್ಟು ಮಂದಿ ಹೊರಗೆ ಬರುತ್ತಿದ್ದಾಗ ಸಣ್ಣ ಸಾವಕಾರರ ಫೋನು ಬಂತು. "ಏನ್ ಕಾಕಾ, ಕೊನೀ ದಿನದ ಕಲೆಕ್ಷನ್ ಎಷ್ಟಾತು?"

"ಸೊನ್ನಿ ಸರ್."

"ಗೊತ್ತಿತ್ತು ಬಿಡ್ರಿ. ಎಷ್ಟ ಮಂದಿ ಇದ್ರು?"

"ಹೌಸ್‌ಫುಲ್ ಸರ್. ನಿಂದರಾಕ ಜಾಗಾ ಇರ್ಲಿಲ್ಲ."

ಇದನ್ನು ಹೇಗೆ ವಿವರಿಸುವುದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ನಕ್ಕು ನಕ್ಕು ಕಣ್ಣು ಕೆಂಪಾಗಿದ್ದ ಮಲ್ಲಪ್ಪ ಪಕ್ಕದಲ್ಲಿ ಬಂದು ನಿಂತಿದ್ದ. "ಯಾರ್ರಿ ಕಾಕಾ?" ಎಂದ. ನಾಳೆಯಿಂದ ಈ ಸಿನಿಮಾ ಎತ್ತಂಗಡಿ ಮಾಡುವವರು ಎಂದೆ. ಫೋನು ನನ್ನ ಕೈಯಿಂದ ಅವನ ಕೈಗೆ ಹೋಯಿತು.

"ನಮಸ್ಕಾರ್ರಿ ಸಾವಕಾರ. ನಾ ಬನಹಟ್ಟಿ ಮಲ್ಲಪ್ಪ, ಮಗ್ಗದಾಂವ. ಲೈಟ್ ಇದ್ದಾಗ ನಾ ಮಗ್ಗ ಬಂದ್ ಮಾಡಿದ್ದು ನಮ್ಮಪ್ಪ ಸತ್ತ ದಿನಾ ಒಂದ, ಇವತ್ತೊಂದ. ಇಡೀ ಊರ ಬಂದ್ ಮಾಡಿ ಬಂದೈತ್ರಿ. ಆಯಿದು ಆ ಮಾತ ಕೇಳಿದ ಮ್ಯಾಲ ಮೊದಲಿಂದ ತಿರುಗಿ ನೋಡಬೇಕ ಅನಸ್ತೈತಿ. ನಾಳೆ ನಮ್ಮ ಮನಿಯಾಕಿನ್ನ, ಅವರವ್ವನ್ನ, ಎಲ್ಲಾರ್ನೂ ಕರಕೊಂಡ ಬರಾಂವ ಅದೇನಿ. ನೀವ ನೋಡಿದ್ರ ತಗೀತೇನಿ ಅಂತೀರಿ. ಯಾಂವ್ ಹೇಳ್ದಾ ನಿಮಗ ನಡಿಯಾಂಗಿಲ್ಲಂತ?"

ಅವನ ಸುತ್ತ ನಿಂತ ಮಂದಿ ಹೌದ್ರಿ ಹೌದ್ರಿ ಎನ್ನತೊಡಗಿದರು. ಮಲ್ಲಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಹಾಂ, ಹಂಗ ಬರ್ರಿ ಹಾದಿಗಿ" ಎಂದು ಫೋನು ನನಗೆ ಕೊಟ್ಟ. "ಇರ್ಲಿ ಕಾಕಾ, ಎರಡನೇ ವಾರ ಇರ್ಲಿ" ಎಂದರು ಸಣ್ಣ ಸಾವಕಾರರು. ಅವರ ದನಿಯಲ್ಲೂ ನಗು ಇತ್ತು. ನಾನು ಅದನ್ನು ಶಾಂತಕ್ಕನಿಗೆ ಕೇಳುವ ಹಾಗೆ ಜೋರಾಗಿ ಹೇಳಿದೆ.

ಎರಡನೇ ವಾರ ಎಂಬ ಮಾತು ಕಿವಿಗೆ ಬಿದ್ದಾಗಲೇ ಮಲ್ಲಪ್ಪನಿಗೆ ತಾನು ಆಡಿದ ಕರಾರು ನೆನಪಾದದ್ದು. ಮುಖ ಒಮ್ಮೆ ಹುಳ್ಳಗಾಯಿತು. ನನ್ನನ್ನು ನೋಡಿದ, ಟಾಕೀಸಿನ ಬಾಗಿಲನ್ನು ನೋಡಿದ. ಶಾಂತಕ್ಕ ಕಿಟಕಿಯ ಹಿಂದೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಮಲ್ಲಪ್ಪ ಕಿಟಕಿಯ ಹತ್ತಿರ ಹೋಗಿ, ಕಿಸೆಯಿಂದ ರೊಕ್ಕ ತೆಗೆದು ಕಟ್ಟೆಯ ಮೇಲೆ ಇಟ್ಟ.

"ಅಳಬ್ಯಾಡ್ರಿ ವೈನಿ. ನೂಲ ಎಲ್ಲಿಡೂದ ಅನ್ನೂದ ನಾ ನೋಡ್ಕೋತೇನಿ. ನಾಳೆ ಮ್ಯಾಟನಿಗಿ ಬಾಲ್ಕನ್ಯಾಗ ಏಳ ಟಿಕೇಟ ಕೊಡ್ರಿ, ಪೂರ್ತಿ ಟಿಕೇಟ."